ಫೋನ್ ಮನೆಯಲ್ಲಿಟ್ಟು ಹೊರಟರೆ ಸಂಪರ್ಕಕ್ಕೆ ಏನು ದಾರಿ?

ಪ್ರಶ್ನೆ: ನನಗೆ 47 ವರ್ಷ. ಸ್ಮಾರ್ಟ್‌ಫೋನ್ ಹೊತ್ತು ತಿರುಗುವುದನ್ನು ನಿಲ್ಲಿಸಬೇಕು ಅಂದುಕೊಂಡಿದ್ದೇನೆ. ಬೆಳಗ್ಗೆ ಒಂದು ಅಂಗಡಿಗೆ ಹೋದರೆ ಸಂಜೆಗೆ ಅದೇ ಬಗೆಯ ಜಾಹೀರಾತು ಕಣ್ಣ ಮುಂದೆ ಬರುತ್ತದೆ. ನಾನು ಎಲ್ಲಿ, ಎಷ್ಟು ಹೊತ್ತು ಇದ್ದೆ ಅನ್ನೋದು ಯಾರ್ಯಾರಿಗೋ ಗೊತ್ತು ಅನ್ನುವುದೇ ಕಿರಿಕಿರಿ. ಆದರೆ ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಅವರಿಗೆ ನಾನು ಸಿಗಬೇಕು. ರಜೆಯಲ್ಲಿ ನಾವು ನಾಲ್ವರು ಗೆಳತಿಯರು ಸಿಗ್ನಲ್ ಸಿಗದ ಬೆಟ್ಟಗಳಿಗೆ ಚಾರಣ ಹೋಗುತ್ತೇವೆ, ಅಲ್ಲೂ ಸಂಪರ್ಕ ಬೇಕು. ಕೀಪ್ಯಾಡ್ ಫೋನ್ ಸಾಕಾ? ‘ಪ್ರೈವಸಿ ಕೋಡ್’ ಇರುವ ವಾಕಿ-ಟಾಕಿ ನೋಡಿದ್ದೇನೆ. ಲೋರಾ ಮೆಶ್ ಸಾಧನವನ್ನು ಯಾರೂ ಪತ್ತೆ ಹಚ್ಚಲಾರರು ಎನ್ನುತ್ತಾರೆ, ನಿಜವಾ? ಅಥವಾ ಸ್ಯಾಟಲೈಟ್ ಸಾಧನ ತೆಗೆದುಕೊಂಡುಬಿಡಲಾ? ದಯವಿಟ್ಟು ಯಾವುದಾದರೂ ಒಂದನ್ನು ಹೇಳಿ. (ಹೆಸರು ಬೇಡ ಎಂದಿದ್ದಾರೆ.)

ಉತ್ತರ:

ಒಂದೇ ಸಾಧನ ಕೇಳಿದ್ದೀರಿ. ಅಂಥದ್ದು ಇದ್ದಿದ್ದರೆ ಮೊದಲ ಸಾಲಲ್ಲೇ ಹೆಸರು ಹೇಳಿಬಿಡುತ್ತಿದ್ದೆ. ಆದರೆ ನಿಮಗೆ ಬೇಕಿರುವುದು ಅಸಾಧ್ಯವೇನಲ್ಲ. ಮೊಬೈಲ್ ಜಾಲ ಇಲ್ಲದ ಕಡೆ ಕೆಲಸ ಮಾಡುವ ತಂಡಗಳಿಗೆ ರೇಡಿಯೊ ವ್ಯವಸ್ಥೆ ಮಾಡಿಕೊಡುವುದು ನನ್ನ ವೃತ್ತಿ. ಅಲ್ಲಿ ಕಂಡ ಒಂದು ವಿಷಯವನ್ನು ಮೊದಲು ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ನಿಮಗೆ ಯಾರೋ ಕರೆ ಮಾಡಿದರು ಅನ್ನಿ. ಯಾವ ಟವರ್‌ನಿಂದ ರಿಂಗ್ ಮಾಡಿಸಬೇಕು ಎಂದು ಜಾಲಕ್ಕೆ ಗೊತ್ತಿರಬೇಕು, ಅಲ್ವಾ? ಅದಕ್ಕಾಗಿ ಫೋನ್, ನೀವು ಮುಟ್ಟದಿದ್ದರೂ, ಆಗಾಗ ಟವರ್‌ಗೆ ‘ಇಲ್ಲಿದ್ದೇನೆ’ ಎಂದು ಹೇಳುತ್ತಲೇ ಇರುತ್ತದೆ. ಯಾವ ಕ್ಷಣದಲ್ಲಾದರೂ ಸಿಗಬೇಕು ಅಂದರೆ, ಎಲ್ಲಿದ್ದೀರಿ ಎಂಬುದನ್ನು ಯಾರಿಗಾದರೂ ತಿಳಿಸುತ್ತಲೇ ಇರಬೇಕು. ಮೊಬೈಲ್ ಜಾಲ ಕಟ್ಟಿರುವುದೇ ಹೀಗೆ. ಇದು ಸ್ಮಾರ್ಟ್‌ಫೋನಿಗೂ ಅನ್ವಯಿಸುತ್ತದೆ, ಇಪ್ಪತ್ತು ವರ್ಷ ಹಳೆಯ ಫೋನಿಗೂ ಅನ್ವಯಿಸುತ್ತದೆ.

ಹಾಗಾದರೆ ಕೀಪ್ಯಾಡ್ ಫೋನಿನಿಂದ ಪ್ರಯೋಜನವೇ ಇಲ್ಲವಾ? ಇದೆ. ನಿಮ್ಮ ಕಿರಿಕಿರಿಯನ್ನು ಬಿಡಿಸಿ ನೋಡಿ. ನಿಮ್ಮ ಬಗ್ಗೆ ಮೂರು ಬೇರೆ ಬೇರೆ ವಿಷಯ ಹೊರಗೆ ಹೋಗುತ್ತಿರುತ್ತವೆ: ಏನು ಮಾತಾಡಿದಿರಿ, ಯಾರ ಜತೆ ಮಾತಾಡಿದಿರಿ, ಎಲ್ಲಿದ್ದಿರಿ. ಅದನ್ನು ನೋಡುವವರೂ ಬೇರೆ ಬೇರೆ. ಅಂಗಡಿಗೆ ಹೋದ ಸುದ್ದಿಯನ್ನು ಜಾಹೀರಾತಿನವರಿಗೆ ಮುಟ್ಟಿಸುವುದು ಆ್ಯಪ್‌ಗಳು ಮತ್ತು ಜಾಹೀರಾತಿಗಾಗಿಯೇ ಫೋನಿನಲ್ಲಿರುವ ಗುರುತಿನ ಸಂಖ್ಯೆ. ಆ್ಯಪ್ ಇಲ್ಲದ ಕೀಪ್ಯಾಡ್ ಫೋನ್ ಈ ದಾರಿಯನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಮೊಬೈಲ್ ಕಂಪನಿಗೆ ಗೊತ್ತಾಗುವ ದಾರಿ ಮಾತ್ರ ಹಾಗೇ ತೆರೆದಿರುತ್ತದೆ. ಜತೆಗೆ ಒಂದು ನಷ್ಟವೂ ಇದೆ. ಮಾಮೂಲಿ ಕರೆ ಮತ್ತು ಎಸ್‌ಎಂಎಸ್‌ಗೆ ಈ ತುದಿಯಿಂದ ಆ ತುದಿವರೆಗಿನ ಎನ್‌ಕ್ರಿಪ್ಷನ್, ಅಂದರೆ ನಡುವೆ ಯಾರಿಗೂ ಅರ್ಥವಾಗದಂತೆ ಮಾತನ್ನು ಗುಪ್ತಲಿಪಿಗೆ ಇಳಿಸುವ ಏರ್ಪಾಡು, ಇರುವುದಿಲ್ಲ. 2ಜಿ ಕರೆಗಳನ್ನು ಕಾಯುವ ಎ5/1 ಎಂಬ ಗುಪ್ತಲಿಪಿಯನ್ನು ಒಡೆಯುವ ವಿಧಾನ 2009ರಲ್ಲೇ ಬಹಿರಂಗವಾಯಿತು. ಅಂದರೆ ಸ್ಮಾರ್ಟ್‌ಫೋನಿನಲ್ಲಿ ಇಂಥ ಎನ್‌ಕ್ರಿಪ್ಷನ್ ಇರುವ ‘ಸಿಗ್ನಲ್’ ಎಂಬ ಸಂದೇಶದ ಆ್ಯಪ್ ಬಳಸುತ್ತಿದ್ದವರು ಕೀಪ್ಯಾಡ್ ಫೋನಿನ ಎಸ್‌ಎಂಎಸ್‌ಗೆ ಬಂದರೆ, ಮಾತಿನ ಗುಟ್ಟಿನ ವಿಷಯದಲ್ಲಿ ಹಿಂದಕ್ಕೆ ಬಂದಂತೆಯೇ.

ಟವರ್ ಮಟ್ಟದ ಮಾಹಿತಿ ಒರಟಾದದ್ದು, ಅದರಿಂದೇನಾಗುತ್ತೆ ಅಂತ ಅನ್ನಿಸಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆ ನೋಡಿತು. ಹೆಸರು, ನಂಬರು ಇಲ್ಲದ ದಾಖಲೆ ಅದು. ಟವರ್ ಮಟ್ಟದ ಸ್ಥಳ, ಗಂಟೆಯ ಮಟ್ಟದ ಸಮಯ, ಅಷ್ಟೇ. ಹಾಗಿದ್ದೂ ಒಬ್ಬ ವ್ಯಕ್ತಿ ಇದ್ದ ನಾಲ್ಕೇ ನಾಲ್ಕು ಜಾಗ ಮತ್ತು ಸಮಯ ಗೊತ್ತಿದ್ದರೆ ನೂರರಲ್ಲಿ 95 ಜನರನ್ನು ಆ ರಾಶಿಯಿಂದ ಬೇರೆಯಾಗಿ ಗುರುತಿಸಬಹುದಿತ್ತು. ಹಾಗಾಗಿ ನಿಮ್ಮ ಕಿರಿಕಿರಿ ಅತಿ ಅಂತ ನನಗೆ ಅನ್ನಿಸುವುದಿಲ್ಲ.

ಆಫ್ ಮಾಡಿ ಬ್ಯಾಗಲ್ಲಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಏರ್‌ಪ್ಲೇನ್ ಮೋಡ್ ಮೊಬೈಲ್ ರೇಡಿಯೊವನ್ನು ನಿಲ್ಲಿಸುತ್ತದೆ. ಆದರೆ ಜಿಪಿಎಸ್ ಬರೀ ಕೇಳುವ ಸಾಧನ, ಅದು ಕೇಳುತ್ತಲೇ ಇರಬಹುದು. ಆ್ಯಪ್ ಅದನ್ನು ಬರೆದಿಟ್ಟುಕೊಂಡು, ಇಂಟರ್ನೆಟ್ ಸಿಕ್ಕ ಕೂಡಲೇ ಕಳಿಸಬಹುದು. ಐಫೋನ್‌ಗಳಲ್ಲಿ 2021ರ ಐಒಎಸ್ 15ರಿಂದ ಈಚೆಗೆ ಇನ್ನೂ ಒಂದು ಬದಲಾವಣೆ ಇದೆ. ಅದಕ್ಕೆ ಬೇಕಾದ ಚಿಪ್ ಇರುವ ಮಾದರಿಗಳು ಆಫ್ ಆದ ಮೇಲೂ ಕಳೆದ ಫೋನ್ ಹುಡುಕಿಕೊಡುವ ‘ಫೈಂಡ್ ಮೈ’ ಸೌಲಭ್ಯಕ್ಕಾಗಿ ಸಣ್ಣ ಬ್ಲೂಟೂತ್ ಸಂಕೇತ ಬಿಡುತ್ತಿರುತ್ತವೆ. ಆಫ್ ಮಾಡುವ ಪರದೆಯಲ್ಲೇ ಅದನ್ನು ನಿಲ್ಲಿಸುವ ಆಯ್ಕೆ ಇದೆ, ನೋಡಿ. ಸಿಗ್ನಲ್ ತಡೆಯುವ ಫ್ಯಾರಡೆ ಚೀಲ ಕೆಲಸ ಮಾಡುತ್ತದೆ, ಬಾಯಿ ಸರಿಯಾಗಿ ಮುಚ್ಚಿದ್ದರೆ. ಒಳಗಿಟ್ಟು ಬೇರೆ ಫೋನಿನಿಂದ ಕರೆ ಮಾಡಿ ಪರೀಕ್ಷಿಸಿ. ಆನ್ ಇರುವ ಫೋನನ್ನು ಚೀಲದಲ್ಲಿಟ್ಟರೆ ಅದು ಟವರ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಸರಳವಾದದ್ದು ಮನೆಯಲ್ಲಿಡುವುದೇ.

ಇನ್ನು ವಾಕಿ-ಟಾಕಿ. ‘ಪ್ರೈವಸಿ ಕೋಡ್’ ಅಂದರೆ ಗುಟ್ಟು ಕಾಯುವ ಕೋಡ್ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಈ ಹೆಸರು ನಂಬಿ ಜನ ಮನೆ ವಿಳಾಸವನ್ನೂ ರೇಡಿಯೊದಲ್ಲಿ ಹೇಳುತ್ತಾರೆ. ಆ ಕೋಡ್ ನಿಮ್ಮ ಧ್ವನಿಯ ಜತೆ 67ರಿಂದ 254 ಹರ್ಟ್ಸ್ ನಡುವಿನ ಒಂದು ಸಣ್ಣ ಸ್ವರ ಸೇರಿಸುತ್ತದೆ. ನಿಮ್ಮ ಗೆಳತಿಯ ಸೆಟ್ ಆ ಸ್ವರ ಕೇಳಿದಾಗ ಮಾತ್ರ ಸ್ಪೀಕರ್ ತೆರೆಯುತ್ತದೆ. ಬೇರೆಯವರ ಮಾತು ನಿಮಗೆ ಕೇಳದಂತೆ ಅದು ತಡೆಯುತ್ತದೆ. ನಿಮ್ಮ ಮಾತು ಬೇರೆಯವರಿಗೆ ಕೇಳದಂತೆ ತಡೆಯುವುದಿಲ್ಲ. ಕೋಡ್ ಆಫ್ ಮಾಡಿ ಅದೇ ಚಾನೆಲ್ ಹಾಕಿದ ಯಾರಿಗಾದರೂ ನೀವು ಪೂರ್ತಿ ಕೇಳಿಸುತ್ತೀರಿ. ನಿಜವಾದ ಎನ್‌ಕ್ರಿಪ್ಷನ್ ಇರುವ ಡಿಜಿಟಲ್ ಸೆಟ್‌ಗಳೂ ಇವೆ. ಅವು ಸಾಮಾನ್ಯವಾಗಿ ಲೈಸೆನ್ಸ್ ಪಡೆದ ಸಂಸ್ಥೆಗಳಿಗೆ.

ಡಬ್ಬದ ಮೇಲೆ ‘35 ಕಿ.ಮೀ.’ ಅಂತ ಬರೆದಿರುವುದನ್ನೂ ನಂಬಬೇಡಿ. ಇಂಥ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರ ನೋಟದಲ್ಲೇ ಸಾಗುತ್ತವೆ. ಬಯಲಿನಲ್ಲಿ ನಿಂತ ಇಬ್ಬರು ಸೆಟ್ಟನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದರೆ ಭೂಮಿಯ ಬಾಗು ಅಡ್ಡ ಬರುವ ಮೊದಲು ಸಿಗುವ ದೂರವೇ ಸುಮಾರು 10 ಕಿ.ಮೀ. ಕಾಡಲ್ಲಿ, ಕಟ್ಟಡಗಳ ನಡುವೆ ಒಂದೆರಡು ಕಿ.ಮೀ. ಸಿಕ್ಕರೆ ಪುಣ್ಯ. 35 ಕಿ.ಮೀ. ಬೇಕೆಂದರೆ ಒಬ್ಬರು ಬೆಟ್ಟದ ನೆತ್ತಿಯಲ್ಲಿರಬೇಕು. ಚಾರಣದಲ್ಲಿ ‘ಎಲ್ಲಿದ್ದೀರಾ, ನೀರು ಸಿಕ್ತಾ’ ಎನ್ನುವ ಮಾತಿಗೆ ವಾಕಿ-ಟಾಕಿಯಷ್ಟು ಚುರುಕಾದದ್ದು ಇನ್ನೊಂದಿಲ್ಲ. ಗುಟ್ಟಿಗೆ ಮಾತ್ರ ಅದನ್ನು ನೆಚ್ಚಬೇಡಿ.

ಲೈಸೆನ್ಸ್ ಪಡೆದ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೊ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಅದು ಸೊಗಸಾದ ಹವ್ಯಾಸ, ಆಪತ್ತಿನಲ್ಲಿ ಜೀವ ಉಳಿಸಿದೆ. ಆದರೆ ಅದರ ನಿಯಮವೇ ಮುಕ್ತವಾಗಿ ಮಾತಾಡುವುದು. ಅರ್ಥ ಮುಚ್ಚಿಡಲು ಸಂದೇಶವನ್ನು ಗುಪ್ತಲಿಪಿಗೆ ಇಳಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ. ಖಾಸಗಿತನ ಬೇಕೆನ್ನುವವರಿಗೆ ಅದು ಸರಿಯಾದ ಜಾಗವಲ್ಲ.

ಸದಾ ಸಿಗಬೇಕೆಂದರೆ ಎಲ್ಲಿದ್ದೀರಿ ಎಂದು ತಿಳಿಸುತ್ತಲೇ ಇರಬೇಕು ಎಂದು ಮೊದಲಲ್ಲಿ ಹೇಳಿದೆನಲ್ಲ, ಅದನ್ನು ದಾಟುವ ಒಂದು ಹಳೆಯ ಸಾಧನವಿದೆ. ಅದು ಪೇಜರ್, ಬಂದ ಪುಟ್ಟ ಸಂದೇಶವನ್ನು ಸಣ್ಣ ಪರದೆಯಲ್ಲಿ ತೋರಿಸುವ ಸಾಧನ. ಒಮ್ಮುಖ ಪೇಜರ್ ಏನನ್ನೂ ಹೊರಗೆ ಕಳಿಸುವುದಿಲ್ಲ. ನೀವು ಎಲ್ಲಿದ್ದೀರಿ ಅಂತ ಜಾಲಕ್ಕೆ ಗೊತ್ತೇ ಇಲ್ಲ. ಹಾಗಾಗಿ ಅದು ನಿಮ್ಮ ಸಂದೇಶವನ್ನು ಇಡೀ ಪ್ರದೇಶಕ್ಕೆ ಬಿತ್ತರಿಸುತ್ತದೆ, ನಿಮ್ಮ ಪೇಜರ್ ತನ್ನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಎಲ್ಲಿದ್ದೀರಿ ಎಂಬ ಗುಟ್ಟು ಪೂರ್ತಿ ಉಳಿಯುತ್ತದೆ. ಮಾತಿನ ಗುಟ್ಟು ಮಾತ್ರ ಉಳಿಯುವುದಿಲ್ಲ. ಪೊಕ್ಸಾಗ್‌ನಂಥ ಹಳೆಯ ಪೇಜರ್ ವ್ಯವಸ್ಥೆಗಳಲ್ಲಿ ಎನ್‌ಕ್ರಿಪ್ಷನ್ ಇಲ್ಲ. ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಸಣ್ಣ ರೇಡಿಯೊ ರಿಸೀವರ್ ಇದ್ದರೆ ಯಾರಾದರೂ ಓದಬಹುದು. ‘ಮನೆಗೆ ಕರೆ ಮಾಡು’ ಎನ್ನುವ ಒಂದು ಅಂಕಿಯನ್ನಷ್ಟೇ ಕಳಿಸಿದರೆ ಓದಿದವರಿಗೆ ಸಿಗುವುದೇನೂ ಇಲ್ಲ. ನಿಮ್ಮ ಅಮ್ಮನ ವಿಷಯಕ್ಕೆ ಇದು ತುಂಬಾ ಹೊಂದುತ್ತಿತ್ತು. ಆದರೆ ಸೇವೆ ಕೊಡುವವರೇ ಕಡಿಮೆಯಾಗುತ್ತಿದ್ದಾರೆ. ಜಪಾನಿನ ಕೊನೆಯ ಪೇಜರ್ ಸೇವೆ 2019ರಲ್ಲಿ ನಿಂತಿತು. ನೀವಿರುವ ಕಡೆ ಇನ್ನೂ ಇದ್ದರೆ ಖಂಡಿತ ಯೋಚಿಸಿ.

ಈಗ ಲೋರಾ. ನೀವು ಹೆಚ್ಚು ಆಸೆ ಇಟ್ಟುಕೊಂಡಿರುವುದು ಇದರ ಮೇಲೆ ಅಂತ ಕಾಣುತ್ತದೆ, ಹಾಗಾಗಿ ನಿಧಾನವಾಗಿ ನೋಡೋಣ.

ಲೋರಾ ಒಂದು ರೇಡಿಯೊ ವಿಧಾನ. ತುಂಬಾ ಕಡಿಮೆ ಶಕ್ತಿಯಲ್ಲಿ, ತುಂಬಾ ನಿಧಾನವಾಗಿ, ದೂರಕ್ಕೆ ಕಳಿಸುತ್ತದೆ. ಅದರ ಮೇಲೆ ಕೆಲಸ ಮಾಡುವ ಮೆಶ್‌ಟಾಸ್ಟಿಕ್ ಎಂಬ ಮುಕ್ತ ತಂತ್ರಾಂಶವನ್ನು ಕೆವಿನ್ ಹೆಸ್ಟರ್ 2020ರಲ್ಲಿ ಶುರು ಮಾಡಿದರು. ಟವರ್ ಬೇಡ, ಸಿಮ್ ಬೇಡ. ಒಬ್ಬರ ಸಾಧನ ಕಳಿಸಿದ ಸಂದೇಶವನ್ನು ಇನ್ನೊಂದು ಸಾಧನ ಹಿಡಿದು ಮುಂದಕ್ಕೆ ದಾಟಿಸುತ್ತದೆ. ಸಾಮಾನ್ಯವಾಗಿ ಮೂರು ಸಲ ದಾಟಿಸುವಂತೆ ಹೊಂದಿಸಿರುತ್ತದೆ, ಏಳರವರೆಗೆ ಏರಿಸಬಹುದು. ಎತ್ತರದ ಜಾಗಗಳ ನಡುವೆ 300 ಕಿ.ಮೀ. ದಾಟಿದ ದಾಖಲೆಯೂ ಇದೆ. ಅದನ್ನು ನೋಡಿ ಲೆಕ್ಕ ಹಾಕಬೇಡಿ. ಕಣಿವೆಯೊಳಗೆ ಇಳಿದರೆ ಒಂದು ಗುಡ್ಡ ಅಡ್ಡ ಬಂದರೂ ಸಂದೇಶ ನಿಲ್ಲುತ್ತದೆ. ನಾಲ್ವರಲ್ಲಿ ಒಬ್ಬರು ಬೆಟ್ಟದ ನೆತ್ತಿಯ ಸಾಲಿನಲ್ಲಿ ನಡೆಯುತ್ತಿದ್ದರೆ ಉಳಿದ ಮೂವರಿಗೂ ಅವರೇ ಸೇತುವೆ.

ಕಳಿಸಲು ಆಗುವುದು ಅಕ್ಷರ ಮಾತ್ರ, ಧ್ವನಿಯಲ್ಲ. ಒಂದು ಸಂದೇಶಕ್ಕೆ ಸುಮಾರು 200 ಬೈಟ್ ಜಾಗ. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೂ ಗುಣಿತಕ್ಕೂ ಸೊನ್ನೆಗೂ ಮೂರು ಮೂರು ಬೈಟ್ ಬೇಕು, ಒತ್ತಿಗೆ ಆರು. ‘ಬಂದೆ’ ಅಂದರೆ 12 ಬೈಟ್. ಎಂಟು-ಒಂಬತ್ತು ಪದಕ್ಕೆ ಜಾಗ ಮುಗಿಯುತ್ತದೆ. ಹೊರಡುವ ಮೊದಲೇ ನಾಲ್ವರೂ ಕೂತು ‘1 ಅಂದರೆ ತಲುಪಿದೆ, 2 ಅಂದರೆ ತಡವಾಗುತ್ತೆ, 9 ಅಂದರೆ ಸಹಾಯ ಬೇಕು’ ಎಂದು ಮಾತಾಡಿಕೊಂಡರೆ ಬ್ಯಾಟರಿಯೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ.

‘ಯಾರೂ ಪತ್ತೆ ಹಚ್ಚಲಾರರು’ ಎನ್ನುವುದು ಸುಳ್ಳು. ಹೊರಗೆ ಅಲೆ ಬಿಡುವ ಯಾವ ಸಾಧನವನ್ನಾದರೂ ದಿಕ್ಕು ತೋರುವ ಆಂಟೆನಾ ಹಿಡಿದು ಹುಡುಕಬಹುದು. ಆದರೆ ಅದಕ್ಕೆ ಯಾರಾದರೂ ಹತ್ತಿರ ಬಂದು, ನಿಮ್ಮನ್ನೇ ಗುರಿ ಮಾಡಿ ಹುಡುಕಬೇಕು. ಯಾವುದೋ ಕಂಪನಿಯಲ್ಲಿ ನಿಮ್ಮ ವರ್ಷಗಟ್ಟಲೆಯ ಓಡಾಟ ತಾನಾಗಿ ದಾಖಲಾಗುವುದಕ್ಕೂ ಇದಕ್ಕೂ ಅಜಗಜಾಂತರ. ನಿಮ್ಮ ತೊಂದರೆಗೆ ಈ ವ್ಯತ್ಯಾಸವೇ ಮುಖ್ಯ.

ಸಂದೇಶದ ಒಳಗಿನ ಮಾತಿಗೆ ಎಇಎಸ್ ಎಂಬ ಬಲವಾದ ಎನ್‌ಕ್ರಿಪ್ಷನ್ ಇದೆ. ಆದರೆ ಡಬ್ಬ ಬಿಚ್ಚಿ ಹಾಗೇ ಬಳಸಿದರೆ ಪ್ರಯೋಜನವಿಲ್ಲ. ಮೊದಲೇ ಹಾಕಿರುವ ಚಾನೆಲ್‌ನ ಕೀಲಿ, ಅಂದರೆ ಸಂದೇಶವನ್ನು ಮುಚ್ಚಿ ಬಿಚ್ಚುವ ಗುಪ್ತ ಸಂಖ್ಯೆ, ಎಲ್ಲರಿಗೂ ಗೊತ್ತಿರುವಂಥದ್ದು. ಹೊಸ ಚಾನೆಲ್ ಮಾಡಿ, 256 ಬಿಟ್‌ನ ಹೊಸ ಕೀಲಿ ಹುಟ್ಟಿಸಿಕೊಳ್ಳಬೇಕು. ಹಾಗೆ ಮಾಡಿದರೂ ಕಳಿಸುವವರ ಮತ್ತು ಪಡೆಯುವವರ ಸಾಧನದ ಸಂಖ್ಯೆ ತೆರೆದೇ ಇರುತ್ತದೆ. ಅಂಟಿಸಿದ ಲಕೋಟೆಯ ಹೊರಗೆ ವಿಳಾಸ ಕಾಣುವ ಹಾಗೆ. ಸಾಧನಕ್ಕೆ ನಿಮ್ಮ ನಿಜ ಹೆಸರು ಇಡಬೇಡಿ. ಸ್ಥಳ ಹಂಚಿಕೆ ಆಫ್ ಇದೆಯಾ ನೋಡಿ. ಇಂಟರ್ನೆಟ್‌ಗೆ ಸಂದೇಶ ದಾಟಿಸುವ ಎಂಕ್ಯೂಟಿಟಿ ಎಂಬ ಆಯ್ಕೆಯನ್ನೂ ನಿಲ್ಲಿಸಿ. ಅದು ಆನ್ ಇದ್ದರೆ ನೀವು ಬೆಟ್ಟದಲ್ಲಿ ಕಳಿಸಿದ್ದು ಯಾವುದೋ ನಕ್ಷೆಯ ಮೇಲೆ ಚುಕ್ಕಿಯಾಗಿ ಕಾಣಬಹುದು.

ಇನ್ನೂ ಒಂದು ಅಪಾಯವಿದೆ. ಒಬ್ಬರ ಸಾಧನ ಕಳೆದರೆ ಚಾನೆಲ್‌ನ ಕೀಲಿಯೂ ಕಳೆದಂತೆ. ಯಾರಾದರೂ ಹಿಂದಿನ ಸಂದೇಶಗಳನ್ನು ಹಿಡಿದಿಟ್ಟುಕೊಂಡಿದ್ದರೆ ಅವನ್ನೂ ಬಿಚ್ಚಬಹುದು. ಇಬ್ಬರ ನಡುವಿನ ನೇರ ಸಂದೇಶಕ್ಕೆ ಮೆಶ್‌ಟಾಸ್ಟಿಕ್‌ನ 2024ರ 2.5ನೇ ಆವೃತ್ತಿಯಿಂದ ಬೇರೆ ಬೇರೆ ಕೀಲಿ ಬಂದಿದೆ, ಅದು ಒಳ್ಳೆಯ ಸುಧಾರಣೆ. ಆದರೆ ಕೆಲವು ತಯಾರಕರು ಒಂದೇ ಸಾಧನದ ನಕಲನ್ನು ಎಲ್ಲಕ್ಕೂ ಹಾಕಿದ್ದರಿಂದ ಹಲವು ಸಾಧನಗಳಿಗೆ ಒಂದೇ ಕೀಲಿ ಇದ್ದದ್ದು 2025ರಲ್ಲಿ ಹೊರಬಿತ್ತು. ಆಮೇಲೆ ಅದನ್ನು ಸರಿಪಡಿಸಿದರು. ಕೊಂಡ ತಕ್ಷಣ ತಂತ್ರಾಂಶ ಹೊಸದು ಮಾಡಿ, ಸಾಧನವನ್ನು ಪೂರ್ತಿ ಅಳಿಸಿ, ಕೀಲಿಯನ್ನು ಹೊಸದಾಗಿ ಹುಟ್ಟಿಸಿ. ಜೀವಕ್ಕೆ ಅಪಾಯ ತರುವಂಥ ಗುಟ್ಟುಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ನಾಲ್ವರು ಗೆಳತಿಯರ ಚಾರಣಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಕಾವಲು ಇದರಲ್ಲಿದೆ.

ಕೊಳ್ಳುವಾಗ ಒಂದು ಎಚ್ಚರ. ಅಗ್ಗದ ಲೋರಾ ಸಾಧನಗಳಲ್ಲಿ ಹೆಚ್ಚಿನವು ಬ್ಲೂಟೂತ್ ಮೂಲಕ ಸ್ಮಾರ್ಟ್‌ಫೋನಿಗೇ ಅಂಟಿಕೊಂಡು ಕೆಲಸ ಮಾಡುತ್ತವೆ. ಫೋನ್ ಬಿಡಬೇಕು ಅಂತ ಹೊರಟವರಿಗೆ ಅದು ಸಲ್ಲದು. ಟಿ-ಡೆಕ್ ಥರದ, ತನ್ನದೇ ಪರದೆ ಮತ್ತು ಕೀಬೋರ್ಡ್ ಇರುವುದನ್ನು ನೋಡಿ. ಅಂಥವು ಬ್ಯಾಟರಿ ಜಾಸ್ತಿ ತಿನ್ನುತ್ತವೆ, ಎರಡು ದಿನದ ಚಾರಣಕ್ಕೆ ಪವರ್ ಬ್ಯಾಂಕ್ ಜತೆಗಿರಲಿ. ನಿಮ್ಮ ದೇಶದ ತರಂಗಾಂತರಕ್ಕೆ ತಕ್ಕ ಮಾದರಿಯನ್ನೇ ಕೊಳ್ಳಬೇಕು. ಯುರೋಪಿನಲ್ಲಿ 868, ಉತ್ತರ ಅಮೆರಿಕದಲ್ಲಿ 915, ಭಾರತದಲ್ಲಿ 865ರ ಆಸುಪಾಸಿನ ಮೆಗಾಹರ್ಟ್ಸ್. ತಪ್ಪಾದದ್ದು ಬಳಸಿದರೆ ಕಾನೂನಿನ ತೊಂದರೆ ಬರಬಹುದು.

ಬ್ಲೂಟೂತ್‌ನಲ್ಲೇ ಹರಡುವ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಕ್ಕೆ ಸ್ಮಾರ್ಟ್‌ಫೋನೇ ಬೇಕು, ದೂರವೂ ಹತ್ತಾರು ಮೀಟರ್ ಅಷ್ಟೇ.

ಸ್ಯಾಟಲೈಟ್ ಸಾಧನಗಳಲ್ಲಿ ಎರಡು ಜಾತಿ ಇದೆ, ಜನ ಇವೆರಡನ್ನೂ ಬೆರೆಸಿಬಿಡುತ್ತಾರೆ. ಮೊದಲನೆಯದು ಎರಡೂ ಕಡೆ ಸಂದೇಶ ಹೋಗಿಬರುವ ಮೆಸೆಂಜರ್. ಇವುಗಳಲ್ಲಿ ಹಲವು ಇರಿಡಿಯಂ ಜಾಲ ಬಳಸುತ್ತವೆ, 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ಆಕಾಶ ಕಂಡರೆ ಸಾಕು, ಕೆಲಸ ಮಾಡುತ್ತವೆ. ಆದರೆ ಸಂದೇಶ ಕಂಪನಿಯ ಸರ್ವರ್ ಮೂಲಕವೇ ಹೋಗುತ್ತದೆ, ನಿಮ್ಮ ಹೆಸರಲ್ಲಿ ಚಂದಾ ಇರುತ್ತದೆ, ಟ್ರ್ಯಾಕಿಂಗ್ ಆನ್ ಇದ್ದರೆ ನಡೆದ ದಾರಿಯೆಲ್ಲ ಅಲ್ಲಿ ಉಳಿಯುತ್ತದೆ. ಭದ್ರತೆಗೆ ತುಂಬಾ ಒಳ್ಳೆಯದು, ಖಾಸಗಿತನಕ್ಕೆ ಅಷ್ಟಲ್ಲ.

ಎರಡನೆಯದು ಪಿಎಲ್‌ಬಿ, ಒಬ್ಬರೇ ಹಿಡಿದುಕೊಳ್ಳುವ ಆಪತ್ಕಾಲದ ಬೀಕನ್. ನಿಮಗೆ ನಾನು ಮನಸಾರೆ ಹೇಳುವುದು ಇದನ್ನೇ. ಒತ್ತುವವರೆಗೆ ಅದು ಏನನ್ನೂ ಹೊರಗೆ ಬಿಡುವುದಿಲ್ಲ. ವರ್ಷಗಟ್ಟಲೆ ಚೀಲದಲ್ಲಿ ಸುಮ್ನೆ ಕೂತಿರುತ್ತದೆ. ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಕೊಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆಗೆ ಕೂಗು ಹೋಗುತ್ತದೆ. 1982ರಿಂದ ಆ ವ್ಯವಸ್ಥೆ ಜನರನ್ನು ಉಳಿಸುತ್ತಿದೆ. ಕನಿಷ್ಠ 24 ಗಂಟೆ ಸಂಕೇತ ಕಳಿಸುವಷ್ಟು ಬ್ಯಾಟರಿ ಇರುತ್ತದೆ, ತಿಂಗಳ ಚಂದಾ ಇಲ್ಲ. ‘ತಡವಾಗುತ್ತೆ’ ಅಂತ ಹೇಳಲು ಮಾತ್ರ ಅದರಿಂದ ಆಗದು. ಪ್ರಾಣಕ್ಕೆ ಬಂದಾಗ ಮಾತ್ರ ಒತ್ತಬೇಕು. ಸಾಧನವನ್ನು ಸಂಬಂಧಪಟ್ಟ ಸಂಸ್ಥೆಯಲ್ಲಿ ನೋಂದಾಯಿಸಿ, ಇಲ್ಲದಿದ್ದರೆ ಕೂಗಿದವರು ಯಾರೆಂದು ತಿಳಿಯಲು ಸಮಯ ಹಾಳಾಗುತ್ತದೆ.

ಇವೆರಡನ್ನೂ ಕೊಳ್ಳುವ ಮೊದಲು, ಮತ್ತು ಇವನ್ನು ಹಿಡಿದು ಗಡಿ ದಾಟುವ ಮೊದಲು, ಆ ದೇಶದ ಕಾನೂನು ಕೇಳಿ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಅಥವಾ ಮೆಸೆಂಜರ್ ಇಟ್ಟುಕೊಂಡರೆ ಬಂಧನವೂ ಆಗಬಹುದು. ಗೊತ್ತಿಲ್ಲದೆ ತಂದ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದದ್ದಿದೆ.

ಇಷ್ಟೆಲ್ಲ ನೋಡಿದ ಮೇಲೆ, ನಿಮ್ಮ ಜಾಗದಲ್ಲಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಯಾವ ಕ್ಷಣಕ್ಕಾದರೂ ಸಿಗಬೇಕು ಎನ್ನುವುದನ್ನು ಬಿಟ್ಟು, ಹೇಳಿದ ಹೊತ್ತಿಗೆ ಖಂಡಿತ ಸಿಗುತ್ತೇನೆ ಎನ್ನುವುದಕ್ಕೆ ಬರುತ್ತಿದ್ದೆ. ನಾನು ಜತೆಗಿದ್ದು ನೋಡಿದ ರೇಡಿಯೊ ತಂಡಗಳು ನಡೆಯುವುದೇ ಹೀಗೆ. ಬೆಳಗ್ಗೆ ಇಷ್ಟು ಗಂಟೆ, ಸಂಜೆ ಇಷ್ಟು ಗಂಟೆ. ಎರಡು ಸಲ ತಪ್ಪಿದರೆ ಯಾರು ಏನು ಮಾಡಬೇಕು ಎಂಬುದೂ ಮೊದಲೇ ತೀರ್ಮಾನ. ಈ ಶಿಸ್ತು ಬಂದರೆ ಅರ್ಧ ಸಮಸ್ಯೆಗೆ ಸಾಧನವೇ ಬೇಡ.

ದಿನನಿತ್ಯಕ್ಕೆ ಅಮ್ಮನ ಬಳಿ ನಿಮ್ಮ ಕೆಲಸದ ಜಾಗದ ಲ್ಯಾಂಡ್‌ಲೈನ್ ನಂಬರು ಇರಲಿ. ಲ್ಯಾಂಡ್‌ಲೈನ್ ನಿಮ್ಮ ಹಿಂದೆ ಬರುವುದಿಲ್ಲ. ಸ್ಮಾರ್ಟ್‌ಫೋನ್ ಮನೆಯಲ್ಲೇ ಇದ್ದು, ಸಿಗ್ನಲ್‌ನಂಥ ಆ್ಯಪನ್ನು ಕಂಪ್ಯೂಟರಿಗೆ ಜೋಡಿಸಿಕೊಂಡರೆ ಗುಟ್ಟಿನ ಮಾತುಕತೆಗೆ ಅದೇ ಸಾಕು. ಬ್ಯಾಟರಿ ತೆಗೆಯಲು ಬರುವ ಒಂದು ಕೀಪ್ಯಾಡ್ ಫೋನನ್ನು, ಬ್ಯಾಟರಿ ಬೇರೆ ಮಾಡಿ, ಬ್ಯಾಗಿನಲ್ಲಿಡಿ. ಗೊತ್ತು ಮಾಡಿದ ಹೊತ್ತಿಗೆ, ನಿಮ್ಮ ಇಷ್ಟದ ಜಾಗದಲ್ಲಿ ಆನ್ ಮಾಡಿ, ಅಮ್ಮನಿಗೆ ಕರೆ ಮಾಡಿ, ಮತ್ತೆ ಆಫ್. ಆ ಕ್ಷಣದ ಸ್ಥಳ ಕಂಪನಿಗೆ ಗೊತ್ತಾಗುತ್ತದೆ. ನಡುವಿನ ದಿನ ಗೊತ್ತಾಗುವುದಿಲ್ಲ. ಅಮ್ಮನ ಆರೋಗ್ಯ ಯಾವಾಗ ಬೇಕಾದರೂ ಕೆಡಬಹುದು ಎನ್ನುವ ಸ್ಥಿತಿ ಇದ್ದರೆ ಮಾತ್ರ ಆ ಫೋನ್ ಆನ್ ಇರಲಿ. ಆ ದಿನಗಳಲ್ಲಿ ಟವರ್‌ಗೆ ನಿಮ್ಮ ಜಾಗ ತಿಳಿಯುವುದು ಸಣ್ಣ ಬೆಲೆ.

ಬೆಟ್ಟಕ್ಕೆ ಹೋಗುವಾಗ ನಾಲ್ವರ ನಡುವೆ ಲೋರಾ, ಅಲ್ಲಿ ಕಾನೂನು ಬಿಟ್ಟರೆ ತಂಡಕ್ಕೊಂದು ಪಿಎಲ್‌ಬಿ, ಮತ್ತು ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ಸು ಎಂದು ಬರೆದ ಒಂದು ಚೀಟಿ ಮನೆಯಲ್ಲಿ. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಓದಲು ಕಲಿಯಿರಿ. ಫೋನ್ ಬಿಟ್ಟವರಿಗೆ ಮೊದಲ ವಾರದಲ್ಲೇ ಕಾಡುವುದು ದಾರಿ.

ಫೋನ್ ಬಿಟ್ಟರೂ ಉಳಿಯುವ ಗುರುತುಗಳಿವೆ. ಹೊಸ ಕಾರುಗಳಲ್ಲಿ ಹಲವಕ್ಕೆ ಅವುಗಳದ್ದೇ ಸಿಮ್ ಇರುತ್ತದೆ. ಸ್ಮಾರ್ಟ್ ವಾಚ್, ಬ್ಲೂಟೂತ್ ಇಯರ್‌ಫೋನ್ ತಮ್ಮ ಇರವನ್ನು ಸಾರುತ್ತಿರುತ್ತವೆ. ಪಕ್ಕದಲ್ಲಿ ನಡೆಯುವ ಗೆಳತಿಯ ಫೋನ್ ಆನ್ ಇದ್ದರೆ, ಅವರು ನಿಮ್ಮ ಜತೆಗಿನ ಫೋಟೊ ಹಾಕಿದರೆ, ನೀವೂ ಅಲ್ಲಿದ್ದದ್ದು ತಿಳಿಯುತ್ತದೆ. ನಾಲ್ವರೂ ಒಪ್ಪಿದರೆ ಮಾತ್ರ ಇದು ಪೂರ್ತಿ ಫಲಿಸುತ್ತದೆ.

ಇದೇ ಪ್ರಶ್ನೆಯನ್ನು ಭಯದಿಂದ ಕೇಳುವವರೂ ಇರುತ್ತಾರೆ. ಮನೆಯವರೋ ಹಳೆಯ ಸಂಗಾತಿಯೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ ಇದ್ದರೆ ಮೇಲಿನ ಯಾವುದನ್ನೂ ಏಕಾಏಕಿ ಮಾಡಬೇಡಿ. ಫೋನ್ ತಟ್ಟನೆ ಸುಮ್ಮನಾದರೆ ಹಿಂಬಾಲಿಸುವವರಿಗೆ ಸುಳಿವು ಸಿಗುತ್ತದೆ, ಅಪಾಯ ಹೆಚ್ಚಬಹುದು. ಮೊದಲು ಬೇರೆಯವರ ಫೋನಿನಿಂದ ಸಹಾಯವಾಣಿಯ ಜತೆ ಮಾತಾಡಿ.

ಕೊನೆಗೆ ಕೆಲಸ ಶುರು ಮಾಡುವ ಕ್ರಮ. ಈ ತಿಂಗಳು ಏನೂ ಕೊಳ್ಳಬೇಡಿ. ಕರೆಯ ಹೊತ್ತು ಗೊತ್ತು ಮಾಡಿಕೊಂಡು, ಫೋನ್ ಮನೆಯಲ್ಲಿಟ್ಟು ಓಡಾಡಿ ನೋಡಿ. ಎಲ್ಲಿ ತೊಡಕಾಯಿತು ಅಂತ ಬರೆದಿಡಿ. ಅದು ಹೊಂದಿದ ಮೇಲೆ ಲೋರಾ ತನ್ನಿ. ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ಕೀಲಿ ಹಂಚಿಕೊಳ್ಳಿ. ಆ ಕೀಲಿಯನ್ನು, ಅದರ ಕ್ಯೂಆರ್ ಕೋಡಿನ ಫೋಟೊವನ್ನು, ಯಾರೂ ಯಾರಿಗೂ ಫೋನಿನಲ್ಲಿ ಕಳಿಸಬೇಡಿ. ಬೆಟ್ಟಕ್ಕೆ ಹೋಗುವ ಮುಂಚೆ ಊರೊಳಗೇ ನಾಲ್ಕು ದಿಕ್ಕಿಗೆ ನಡೆದು, ಎಷ್ಟು ದೂರದಲ್ಲಿ ಸಂದೇಶ ನಿಲ್ಲುತ್ತದೆ ಎಂದು ಪರೀಕ್ಷಿಸಿ.